‘8 ಜಿಬಿ’ ಎಂದು ಮಾರುವ 4 ಜಿಬಿ ಫೋನು

ಹತ್ತು ಹನ್ನೆರಡು ಸಾವಿರದ ಫೋನು ಕೇಳಿದವರಿಗೆ ಅಂಗಡಿಯವರು ಮೊದಲು ಹೇಳುವುದು ಎರಡು ಅಂಕಿ. ‘ಎಂಟು ಜಿಬಿ, ನೂರಿಪ್ಪತ್ತೆಂಟು ಜಿಬಿ. ಕಣ್ಣು ಮುಚ್ಚಿ ತಗೊಳ್ಳಿ.’ ನಾವೂ ಕಣ್ಣು ಮುಚ್ಚಿಯೇ ತೆಗೆದುಕೊಳ್ಳುತ್ತೇವೆ. ಪೆಟ್ಟಿಗೆಯ ಮೂಲೆಯಲ್ಲೋ ಜಾಹೀರಾತಿನ ಅಡಿಯಲ್ಲೋ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ‘4 + 4’ ಎಂದಿರುವುದನ್ನು ನೋಡುವವರು ಕಡಿಮೆ. ನೋಡಿದರೂ, ಆ ಕೂಡುವ ಚಿಹ್ನೆಯ ಎಡಗಡೆಯ ನಾಲ್ಕಕ್ಕೂ ಬಲಗಡೆಯ ನಾಲ್ಕಕ್ಕೂ ವೇಗದಲ್ಲಿ ಸುಮಾರು ಸಾವಿರ ಪಟ್ಟು ವ್ಯತ್ಯಾಸವಿದೆ ಎಂದು ಹೇಳಿಕೊಡುವವರು ಇನ್ನೂ ಕಡಿಮೆ.

ಎಲ್ಲ 8 ಜಿಬಿ ಫೋನುಗಳೂ ಹೀಗಲ್ಲ. ನಿಜಕ್ಕೂ 8 ಜಿಬಿ ಇರುವವೂ ಇವೆ. ಆದರೆ ಕಡಿಮೆ ಬೆಲೆಯ ಸಾಲಿನಲ್ಲಿ, ಅಂದರೆ ನಮ್ಮ ಊರುಗಳಲ್ಲಿ ಹೆಚ್ಚು ಓಡುವ ಫೋನುಗಳಲ್ಲಿ, ಈ ಕೂಡುವ ಲೆಕ್ಕ ಮಾಮೂಲಾಗಿಬಿಟ್ಟಿದೆ. ಇದು ತಪ್ಪು ಎಂಬುದು ನಮ್ಮ ಅಭಿಪ್ರಾಯ. ಮೆಮೊರಿ ಎಷ್ಟು ಎಂದು ಹೇಳುವಾಗ ಅದು ಯಾವ ಜಾತಿಯದು, ಎಷ್ಟು ವೇಗದ್ದು ಎಂದೂ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಬೇಕು. ಒಂದು ಜಾತಿಯ ಮೆಮೊರಿಯನ್ನು ಇನ್ನೊಂದಕ್ಕೆ ಕೂಡಿಸಿ ದೊಡ್ಡ ಅಂಕಿ ತೋರಿಸುವುದನ್ನು ನಿಲ್ಲಿಸಬೇಕು. ಯಾಕೆ ಎಂದು ಹೇಳಬೇಕಾದರೆ ಫೋನಿನ ಒಳಗೆ ಸ್ವಲ್ಪ ಇಳಿಯಬೇಕು.

ಮೆಮೊರಿ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ವಸ್ತುಗಳನ್ನು ಕರೆಯುತ್ತೇವೆ. ಫೋಟೊ, ವಿಡಿಯೊ, ಪಹಣಿಯ ಪಿಡಿಎಫ್, ಆ್ಯಪ್‌ಗಳು ಎಲ್ಲ ಮಲಗಿರುವುದು ಸ್ಟೋರೇಜ್‌ನಲ್ಲಿ. ಅದು ಕಣಜ. ಫೋನು ಆಫ್ ಆದರೂ ಅಲ್ಲಿರುವುದು ಅಲ್ಲೇ ಇರುತ್ತದೆ. ಆ್ಯಪ್ ಒಂದನ್ನು ತೆರೆದಾಗ ಅದು ಕಣಜದಿಂದ ಹೊರಬಂದು ಕೆಲಸ ಮಾಡುವ ಜಾಗ ರ‍್ಯಾಮ್. ಅದು ಅಡುಗೆ ಕಟ್ಟೆ. ಹೆಚ್ಚಿದ ತರಕಾರಿ, ನೆನೆಸಿದ ಬೇಳೆ, ರುಬ್ಬಿದ ಖಾರ ಎಲ್ಲ ಕಟ್ಟೆಯ ಮೇಲೆ ಇದ್ದರೆ ಅಡುಗೆ ಸರಾಗ. ಕಟ್ಟೆ ಸಣ್ಣದಾದರೆ ಒಂದನ್ನು ಇಡಲು ಇನ್ನೊಂದನ್ನು ಎತ್ತಬೇಕು. ಕಣಜ ಎಷ್ಟೇ ದೊಡ್ಡದಿದ್ದರೂ ಕಟ್ಟೆ ಚಿಕ್ಕದಾದರೆ ಅಡುಗೆ ತಡವಾಗುತ್ತದೆ.

ಪೆಟ್ಟಿಗೆಗಳ ಮೇಲೆ ಸ್ಟೋರೇಜನ್ನು ‘ರಾಮ್’ ಎಂದೂ ಬರೆಯುತ್ತಾರೆ, ಓದಲು ಮಾತ್ರ ಇರುವ ಮೆಮೊರಿ ಎಂಬ ಅರ್ಥದಲ್ಲಿ. ನಾವು ದಿನಕ್ಕೆ ಐವತ್ತು ಫೋಟೊ ಬರೆಯುವ ಜಾಗಕ್ಕೆ ‘ಓದಲು ಮಾತ್ರ’ ಎಂದು ಹೆಸರಿಡುವುದು ತಮಾಷೆಯೇ. ರ‍್ಯಾಮ್, ರಾಮ್ ಎಂದು ಒಂದೇ ಪ್ರಾಸದಲ್ಲಿ ಹೇಳಿಬಿಟ್ಟರೆ ಕೇಳುವವರ ತಲೆಯಲ್ಲಿ ಎರಡೂ ಕಲಸಿಹೋಗುತ್ತವೆ, ಅಷ್ಟು ಲಾಭ ಉಂಟು.

ಈಗ ವೇಗದ ಮಾತು. ಫೋನಿನ ಒಳಗಿನ ಸಮಯ ನಮ್ಮ ಅಳತೆಗೆ ಸಿಗುವುದಿಲ್ಲ. ಅಲ್ಲಿ ನ್ಯಾನೊಸೆಕೆಂಡ್ ಲೆಕ್ಕ, ಒಂದು ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಒಂದು. ಆದ್ದರಿಂದ ಹೀಗೆ ಮಾಡೋಣ, ಒಂದು ನ್ಯಾನೊಸೆಕೆಂಡನ್ನು ಒಂದು ಸೆಕೆಂಡಿಗೆ ಹಿಗ್ಗಿಸೋಣ.

ಪ್ರೊಸೆಸರ್‌ನ ಮಗ್ಗುಲಲ್ಲೇ ಕ್ಯಾಷ್ ಎಂಬ ಪುಟ್ಟ ಮೆಮೊರಿ ಇರುತ್ತದೆ. ಅದರಿಂದ ಒಂದು ಮಾಹಿತಿ ತರಲು ಸುಮಾರು ಒಂದು ನ್ಯಾನೊಸೆಕೆಂಡ್. ನಮ್ಮ ಹಿಗ್ಗಿಸಿದ ಲೆಕ್ಕದಲ್ಲಿ ಒಂದು ಸೆಕೆಂಡ್. ಒಲೆಯ ಪಕ್ಕದ ಡಬ್ಬಿಯಿಂದ ಚಿಟಿಕೆ ಸಾಸಿವೆ ಎತ್ತಿಕೊಂಡಂತೆ.

ರ‍್ಯಾಮ್‌ನಿಂದ ತರಲು ಸುಮಾರು ನೂರು ನ್ಯಾನೊಸೆಕೆಂಡ್. ಹಿಗ್ಗಿಸಿದರೆ ನೂರು ಸೆಕೆಂಡ್. ಹಿತ್ತಿಲಿಗೆ ಹೋಗಿ ಕರಿಬೇವು ಕಿತ್ತು ತಂದಂತೆ.

ಫೋನಿನ ಸ್ಟೋರೇಜ್‌ನಲ್ಲಿರುವುದು ಫ್ಲ್ಯಾಶ್ ಮೆಮೊರಿ. ಅಲ್ಲಿಂದ ತರಲು ಸುಮಾರು ಒಂದು ಲಕ್ಷ ನ್ಯಾನೊಸೆಕೆಂಡ್. ಹಿಗ್ಗಿಸಿದರೆ ಇಪ್ಪತ್ತೆಂಟು ಗಂಟೆ. ಇವತ್ತು ಸಂಜೆಯ ಬಸ್ಸಿಗೆ ಪೇಟೆಗೆ ಹೋಗಿ, ನಾಳೆ ರಾತ್ರಿ ಹೊತ್ತಿಗೆ ಸಾಮಾನು ಹಿಡಿದು ಮನೆ ಸೇರಿದಂತೆ.

ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ನಿಂದ ತರಲು ಸುಮಾರು ಹತ್ತು ಮಿಲಿಸೆಕೆಂಡ್, ಅಂದರೆ ಒಂದು ಕೋಟಿ ನ್ಯಾನೊಸೆಕೆಂಡ್. ಹಿಗ್ಗಿಸಿದರೆ ನೂರಾ ಹದಿನೈದು ದಿನ. ರಾಗಿ ಬಿತ್ತಿ, ಕಳೆ ತೆಗೆದು, ಕೊಯ್ಲು ಮಾಡುವಷ್ಟು ಕಾಲ! ಹಾರ್ಡ್ ಡಿಸ್ಕ್ ನಿಜವಾಗಿಯೂ ತಿರುಗುವ ತಟ್ಟೆ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗೂ ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಬೇಕಾದ ಜಾಗ ಮುಳ್ಳಿನ ಕೆಳಗೆ ಬರುವವರೆಗೆ ಪ್ರೊಸೆಸರ್ ಕೈಕಟ್ಟಿ ಕೂರಬೇಕು.

ಇಲ್ಲಿ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಲೆಕ್ಕ ಏಕಪಕ್ಷೀಯವಾಗುತ್ತದೆ. ಪೇಟೆಗೆ ಹೋದವರು ಒಂದು ಕಾಳು ತರುವುದಿಲ್ಲ, ಮೂಟೆ ತರುತ್ತಾರೆ. ಫ್ಲ್ಯಾಶ್ ಕೂಡ ಹಾಗೆಯೇ, ಒಮ್ಮೆ ಹೋದರೆ ಸಾವಿರಾರು ಬೈಟ್‌ಗಳನ್ನು ಒಟ್ಟಿಗೆ ತರುತ್ತದೆ. ಅದಕ್ಕೇ ಮೆಮೊರಿಗೆ ಎರಡು ವೇಗ ಇರುತ್ತವೆ. ಕೂಗಿದ ತಕ್ಷಣ ಎಷ್ಟು ಹೊತ್ತಿಗೆ ಓಗೊಡುತ್ತದೆ ಎಂಬುದು ಒಂದು. ಒಮ್ಮೆ ಶುರುವಾದರೆ ಸೆಕೆಂಡಿಗೆ ಎಷ್ಟು ಸುರಿಯುತ್ತದೆ ಎಂಬುದು ಇನ್ನೊಂದು. ದೊಡ್ಡ ಸಿನಿಮಾ ಕಾಪಿ ಮಾಡುವಾಗ ಎರಡನೆಯದು ಮುಖ್ಯ. ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹಾರುವಾಗ, ಕೀಬೋರ್ಡ್ ತೆರೆಯುವಾಗ, ಸಂದೇಶ ಹುಡುಕುವಾಗ ಮೊದಲನೆಯದೇ ಮುಖ್ಯ. ಜಾಹೀರಾತಿನಲ್ಲಿ ಬರುವುದು ಮಾತ್ರ ಎರಡನೆಯದು.

ಹಾಗಾದರೆ ಎಲ್ಲವನ್ನೂ ರ‍್ಯಾಮ್‌ನಲ್ಲೇ ಇಡಬಾರದೇಕೆ? ರ‍್ಯಾಮ್ ಸೋರುವ ಗಡಿಗೆ, ಅದಕ್ಕೆ. ಈಗಿನ ರ‍್ಯಾಮ್‌ನ ಮೂಲ ಕಲ್ಪನೆ ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್ ಅವರಿಗೆ ಹೊಳೆದದ್ದು 1966ರಲ್ಲಿ, ಪೇಟೆಂಟ್ ಸಿಕ್ಕಿದ್ದು 1968ರಲ್ಲಿ. ಒಂದು ಟ್ರಾನ್ಸಿಸ್ಟರು, ಒಂದು ಕೆಪಾಸಿಟರು, ಅಷ್ಟೇ. ಕೆಪಾಸಿಟರಿನಲ್ಲಿ ವಿದ್ಯುತ್ ತುಂಬಿದ್ದರೆ 1, ಇಲ್ಲದಿದ್ದರೆ 0. ಆದರೆ ತುಂಬಿದ್ದು ಸೋರಿಹೋಗುತ್ತದೆ. ಅದಕ್ಕಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಗಡಿಗೆಗಳನ್ನೂ ನೋಡಿ ಮತ್ತೆ ತುಂಬಿಸುತ್ತಿರಬೇಕು. ಕರೆಂಟ್ ಹೋಯಿತೆಂದರೆ ಎಲ್ಲ ಖಾಲಿ.

ಫ್ಲ್ಯಾಶ್ ಹಾಗಲ್ಲ. ಜಪಾನಿನ ತೋಷಿಬಾದಲ್ಲಿ ಫುಜಿಯೊ ಮಸುವೊಕ 1980ರ ದಶಕದಲ್ಲಿ ರೂಪಿಸಿದ ಈ ಮೆಮೊರಿಯಲ್ಲಿ ವಿದ್ಯುತ್ ಕಣಗಳನ್ನು ನಿರೋಧಕ ಪದರದ ಒಳಗೆ ಕೂಡಿಹಾಕುತ್ತಾರೆ. ಬ್ಯಾಟರಿ ತೆಗೆದು ವರ್ಷ ಇಟ್ಟರೂ ಅವು ಅಲ್ಲೇ ಇರುತ್ತವೆ. ಆದರೆ ಒಳಗೆ ನೂಕಲು, ಹೊರಗೆ ಎಳೆಯಲು ಹೆಚ್ಚು ಹೊತ್ತು ಬೇಕು. ಪ್ರತಿ ಸಲ ನೂಕಿ ಎಳೆದಾಗ ಆ ಪದರ ಚೂರು ಚೂರೇ ಸವೆಯುತ್ತದೆ. ಅಂದರೆ ಬರೆದು ಅಳಿಸುವುದಕ್ಕೆ ಒಂದು ಮಿತಿ ಇದೆ. ಬೆಲೆ ಮಾತ್ರ ರ‍್ಯಾಮ್‌ಗಿಂತ ತುಂಬ ಅಗ್ಗ. ಅದಕ್ಕೇ ಕಟ್ಟೆ ನಾಲ್ಕು ಜಿಬಿ, ಕಣಜ ನೂರಿಪ್ಪತ್ತೆಂಟು ಜಿಬಿ.

ಈಗ ಆ ‘4 + 4’ಕ್ಕೆ ಬರೋಣ. ಬಲಗಡೆಯ ನಾಲ್ಕಕ್ಕೆ ವರ್ಚುವಲ್ ರ‍್ಯಾಮ್, ಎಕ್ಸ್‌ಟೆಂಡೆಡ್ ರ‍್ಯಾಮ್, ರ‍್ಯಾಮ್ ಪ್ಲಸ್, ಮೆಮೊರಿ ಫ್ಯೂಷನ್ ಎಂದು ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ಹೆಸರು ಯಾವುದಾದರೂ ವಿಷಯ ಒಂದೇ. ಅದು ರ‍್ಯಾಮ್ ಅಲ್ಲ. ನಿಮ್ಮ ಸ್ಟೋರೇಜ್‌ನ ನಾಲ್ಕು ಜಿಬಿಗೆ ಬೇಲಿ ಹಾಕಿ, ‘ಕಟ್ಟೆಯ ಮೇಲೆ ಜಾಗ ಸಾಲದಾಗ ಇಲ್ಲಿ ಇಡಿ’ ಎಂದು ಮೀಸಲಿಟ್ಟದ್ದು. ಹಿತ್ತಿಲ ದೂರದ ಕೆಲಸವನ್ನು ಪೇಟೆ ದೂರಕ್ಕೆ ತಳ್ಳಿದ ಹಾಗೆ. ಮೇಲಾಗಿ ನಿಮ್ಮ 128ರಲ್ಲಿ ನಾಲ್ಕು ಕಡಿಮೆಯಾಯಿತು. ನಿಮ್ಮದೇ ಕಣಜದಿಂದ ನಾಲ್ಕು ಸೇರು ತೆಗೆದು, ಅದನ್ನೇ ನಿಮಗೆ ಉಡುಗೊರೆ ಎಂದು ಕೊಟ್ಟರೆ ಏನೆನ್ನಬೇಕು?

ಈ ವ್ಯವಸ್ಥೆ ಪೂರ್ತಿ ನಿರುಪಯುಕ್ತ ಎಂದು ನಾವು ಹೇಳುತ್ತಿಲ್ಲ. ಕಂಪ್ಯೂಟರುಗಳಲ್ಲಿ ಇದೇ ಉಪಾಯ ದಶಕಗಳಿಂದ ಇದೆ. ಅಪರೂಪಕ್ಕೆ ಬಳಸುವ ಒಂದೆರಡು ಆ್ಯಪ್‌ಗಳನ್ನು ಪೂರ್ತಿ ಮುಚ್ಚದೆ ಹಿಂದೆ ಇಟ್ಟುಕೊಳ್ಳಲು ನೆರವಾಗುತ್ತದೆ. ತಕರಾರು ಇರುವುದು ಕೂಡಿಸಿ ಹೇಳುವುದರ ಬಗ್ಗೆ. ನಾಲ್ಕು ಲೀಟರ್ ಹಾಲಿಗೆ ನಾಲ್ಕು ಲೀಟರ್ ನೀರು ಬೆರೆಸಿ ಎಂಟು ಲೀಟರ್ ಹಾಲು ಎಂದು ಡೇರಿಗೆ ಒಯ್ದರೆ ಅಲ್ಲಿ ಫ್ಯಾಟ್ ನೋಡುತ್ತಾರೆ. ಫೋನು ಅಂಗಡಿಯಲ್ಲಿ ಫ್ಯಾಟ್ ನೋಡುವವರಿಲ್ಲ.

ಇದರಿಂದ ಹಳ್ಳಿಯಲ್ಲಿ ಕೂತವರಿಗೆ ಆಗುವ ನಷ್ಟವೇನು? ನಮ್ಮ ಓದುಗರಲ್ಲಿ ಬಹುಪಾಲು ಜನರಿಗೆ ಫೋನೇ ಕಂಪ್ಯೂಟರು. ವಿದ್ಯಾರ್ಥಿವೇತನದ ಅರ್ಜಿ, ಬೆಳೆ ವಿಮೆ, ಬ್ಯಾಂಕು, ಇ-ಕೆವೈಸಿ ಎಲ್ಲ ಅದರಲ್ಲೇ. ಬ್ರೌಸರಿನಲ್ಲಿ ಅರ್ಜಿ ತುಂಬುತ್ತೀರಿ. ಹೆಸರು, ಆಧಾರ್, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಎಲ್ಲ ಹಾಕಿದ ಮೇಲೆ ಒಟಿಪಿ ಕೇಳುತ್ತದೆ. ಒಟಿಪಿ ನೋಡಲು ಮೆಸೇಜ್ ಆ್ಯಪ್‌ಗೆ ಹೋಗುತ್ತೀರಿ. ವಾಪಸ್ ಬಂದರೆ ಪುಟ ಬಿಳಿ. ಮತ್ತೆ ಮೊದಲಿನಿಂದ ಲೋಡ್ ಆಗುತ್ತದೆ, ತುಂಬಿದ್ದೆಲ್ಲ ಹೋಗಿದೆ. ಇನ್ನೊಮ್ಮೆ ತುಂಬುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ.

ನೆಟ್‌ವರ್ಕ್ ಸರಿ ಇಲ್ಲ ಎಂದು ಟವರಿಗೆ ಬೈಯುತ್ತೇವೆ. ಕೆಲವೊಮ್ಮೆ ಅದು ನಿಜ. ಕೆಲವೊಮ್ಮೆ ವೆಬ್‌ಸೈಟೇ ಸರಿ ಇರುವುದಿಲ್ಲ. ಆದರೆ ಬಹಳ ಸಲ ಆದದ್ದು ಇಷ್ಟು: ನಾಲ್ಕು ಜಿಬಿ ರ‍್ಯಾಮ್‌ನಲ್ಲಿ ದೊಡ್ಡ ಪಾಲನ್ನು ಆಂಡ್ರಾಯ್ಡ್ ಮತ್ತು ಅದರ ಜೊತೆ ಬಂದ ಕಂಪನಿಯ ಆ್ಯಪ್‌ಗಳು ಹಿಡಿದುಕೊಂಡಿದ್ದವು. ಉಳಿದದ್ದರಲ್ಲಿ ವಾಟ್ಸ್ಆ್ಯಪ್, ಬ್ರೌಸರ್ ಕೂತಿದ್ದವು. ಮೆಸೇಜ್ ಆ್ಯಪ್ ಬಂದಾಗ ಜಾಗ ಸಾಲಲಿಲ್ಲ. ಆಂಡ್ರಾಯ್ಡ್ ನಿಮ್ಮ ಬ್ರೌಸರನ್ನು ಕಟ್ಟೆಯಿಂದ ಕೆಳಗಿಳಿಸಿತು. ಅರ್ಧ ತುಂಬಿದ ಅರ್ಜಿ ಅದರ ಜೊತೆಗೇ ಹೋಯಿತು. ಅರ್ಜಿಯ ಕೊನೆಯ ದಿನ ಇಂಥದ್ದು ಆದರೆ, ಆಟೊ ಹಿಡಿದು ಸೈಬರ್ ಸೆಂಟರಿಗೆ ಓಡಬೇಕು. ಒಂದು ದಿನದ ಕೂಲಿ ಹೋಯಿತು, ಅರ್ಜಿ ತುಂಬಿಸಿದ ದುಡ್ಡು ಬೇರೆ.

ಇದಕ್ಕೆ ಈಗಲೇ ಮಾಡಬಹುದಾದ ಸಣ್ಣ ಉಪಾಯ ಒಂದಿದೆ. ಒಟಿಪಿ ಬಂದಾಗ ಮೆಸೇಜ್ ಆ್ಯಪ್‌ಗೆ ಹೋಗಬೇಡಿ. ಪರದೆಯ ಮೇಲಿನಿಂದ ಬೆರಳು ಎಳೆದು ನೋಟಿಫಿಕೇಷನ್‌ನಲ್ಲೇ ಅಂಕಿ ಓದಿಕೊಳ್ಳಿ. ಅರ್ಜಿ ತುಂಬುವ ಮೊದಲು ಬೇರೆ ಆ್ಯಪ್‌ಗಳನ್ನು ಮುಚ್ಚಿ.

ಇಷ್ಟು ರ‍್ಯಾಮ್ ಕತೆ. ಸ್ಟೋರೇಜ್‌ನಲ್ಲಿ ನಡೆಯುವ ಮರೆಮಾಚು ಇದಕ್ಕಿಂತ ದೊಡ್ಡದು, ಆದರೆ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

128 ಜಿಬಿ ಎಂದು ಬರೆದ ಎರಡು ಫೋನು ಅಕ್ಕಪಕ್ಕ ಇಡಿ. ಒಂದರಲ್ಲಿ ಇಎಂಎಂಸಿ ಎಂಬ ಜಾತಿಯ ಸ್ಟೋರೇಜ್ ಇರಬಹುದು, ಇನ್ನೊಂದರಲ್ಲಿ ಯುಎಫ್‌ಎಸ್. ಎರಡರಲ್ಲೂ ಫ್ಲ್ಯಾಶೇ ಇರುವುದು. ಬೇರೆ ಇರುವುದು ಅದಕ್ಕೂ ಪ್ರೊಸೆಸರಿಗೂ ನಡುವಿನ ದಾರಿ. ಇಎಂಎಂಸಿ ಒಂದೇ ಎತ್ತಿನಗಾಡಿ ಹಿಡಿಸುವ ಹಳೆ ಸೇತುವೆ. ಆ ಕಡೆಯಿಂದ ಗಾಡಿ ಬರುತ್ತಿದ್ದರೆ ಈ ಕಡೆಯದು ನಿಲ್ಲಬೇಕು. ಓದುವಾಗ ಬರೆಯಲಾಗದು, ಬರೆಯುವಾಗ ಓದಲಾಗದು. ಯುಎಫ್‌ಎಸ್‌ನಲ್ಲಿ ಹೋಗಲು ಒಂದು, ಬರಲು ಒಂದು ದಾರಿ. ಹಿನ್ನೆಲೆಯಲ್ಲಿ ಆ್ಯಪ್ ಅಪ್‌ಡೇಟ್ ಆಗುತ್ತಿರುವಾಗ ಇಎಂಎಂಸಿ ಫೋನಿನಲ್ಲಿ ಫೋಟೊ ತೆರೆಯಲು ಹೋದರೆ ಫೋನು ‘ಕಲ್ಲಾಗಿ’ ನಿಲ್ಲುವುದು ಇದೇ ಕಾರಣಕ್ಕೆ.

ಅಂಕಿಗಳಲ್ಲೂ ನೋಡಿ. ಇಎಂಎಂಸಿ 5.1 ಆವೃತ್ತಿ ಬಂದದ್ದು 2015ರಲ್ಲಿ. ಅದರ ದಾರಿಯ ಗರಿಷ್ಠ ವೇಗ ಕಾಗದದ ಮೇಲೆ ಸೆಕೆಂಡಿಗೆ 400 ಎಂಬಿ. ಯುಎಫ್‌ಎಸ್ 2.2ರಲ್ಲಿ ಅದು ಸುಮಾರು 1,200 ಎಂಬಿ. ದುಬಾರಿ ಫೋನುಗಳ ಯುಎಫ್‌ಎಸ್ 4.0ರಲ್ಲಿ 4,000 ದಾಟುತ್ತದೆ. ನಿಜ ಬಳಕೆಯಲ್ಲಿ ಎಲ್ಲವೂ ಇದಕ್ಕಿಂತ ಕಡಿಮೆಯೇ, ಆದರೆ ಅಂತರ ಉಳಿಯುತ್ತದೆ. ರ‍್ಯಾಮ್‌ನಲ್ಲೂ ಇಂಥ ತಲೆಮಾರುಗಳಿವೆ, ಎಲ್‌ಪಿಡಿಡಿಆರ್4ಎಕ್ಸ್, ಎಲ್‌ಪಿಡಿಡಿಆರ್5 ಎಂದು. ಆದರೆ ಕಡಿಮೆ ಬೆಲೆಯ ಫೋನಿನಲ್ಲಿ ಅವುಗಳ ನಡುವಿನ ವ್ಯತ್ಯಾಸಕ್ಕಿಂತ ಇಎಂಎಂಸಿಯೋ ಯುಎಫ್‌ಎಸ್ಸೋ ಎಂಬುದೇ ಕೈಗೆ ಹೆಚ್ಚು ತಟ್ಟುತ್ತದೆ. ಇನ್ನು ವರ್ಚುವಲ್ ರ‍್ಯಾಮ್ ಎಂಬ ಆ ನಾಲ್ಕು ಜಿಬಿ ಕೂತಿರುವುದು ಇಎಂಎಂಸಿಯ ಮೇಲೆಯೇ ಎಂದರೆ, ಒಂದೇ ಗಾಡಿಯ ಸೇತುವೆಯ ಮೇಲೆ ಇನ್ನೂ ನಾಲ್ಕು ಗಾಡಿ ಬಿಟ್ಟಂತೆ.

ನಾವು ನೋಡಿದ ಪೆಟ್ಟಿಗೆಗಳಲ್ಲಿ ‘128 ಜಿಬಿ’ ಎಂಬುದು ದೊಡ್ಡದಾಗಿರುತ್ತದೆ. ಜಾತಿ ಇರುವುದಿಲ್ಲ. ಯುಎಫ್‌ಎಸ್ ಇದ್ದರೆ ಜಾಹೀರಾತಿನಲ್ಲಿ ಹೆಮ್ಮೆಯಿಂದ ಹಾಕಿಕೊಳ್ಳುತ್ತಾರೆ. ಇಎಂಎಂಸಿ ಇದ್ದರೆ ಮೌನ. ಮೌನವನ್ನೇ ಉತ್ತರ ಎಂದು ಓದಿಕೊಳ್ಳುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ.

ಈಗ ಗೊಬ್ಬರದ ಚೀಲ ನೆನಪಿಸಿಕೊಳ್ಳಿ. ‘50 ಕೆಜಿ ಗೊಬ್ಬರ’ ಎಂದಷ್ಟೇ ಬರೆದ ಚೀಲವನ್ನು ಯಾರಾದರೂ ಕೊಳ್ಳುತ್ತಾರೆಯೇ? 17:17:17 ಎಂದಿರಬೇಕು, ಅಥವಾ 10:26:26. ಡಿಎಪಿ ಎಂದರೆ 18:46. ಸಾರಜನಕ ಎಷ್ಟು, ರಂಜಕ ಎಷ್ಟು, ಪೊಟ್ಯಾಷ್ ಎಷ್ಟು ಎಂದು ಶಾಲೆಯ ಮೆಟ್ಟಿಲು ಹತ್ತದ ರೈತರೂ ಓದುತ್ತಾರೆ. ಕಂಪನಿಗಳ ಔದಾರ್ಯದಿಂದ ಇದು ಬಂದದ್ದಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶ ಬರೆಯಲೇಬೇಕು ಎಂದಿದೆ, ಅದಕ್ಕೆ ಬರೆಯುತ್ತಾರೆ. ಬಿತ್ತನೆ ಬೀಜದ ಪೊಟ್ಟಣದ ಮೇಲೆ ಮೊಳಕೆ ಪ್ರಮಾಣ ಇರುತ್ತದೆ. ಫ್ರಿಜ್ಜಿನ ಮೇಲೆ, 2023ರಿಂದ ಸೀಲಿಂಗ್ ಫ್ಯಾನಿನ ಮೇಲೂ, ಕರೆಂಟ್ ಉಳಿತಾಯದ ನಕ್ಷತ್ರಗಳು ಕಡ್ಡಾಯ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್‌ನಿಂದ ಫೋನುಗಳಿಗೂ ಲೇಬಲ್ ಬಂದಿದೆ: ಬ್ಯಾಟರಿ ಎಷ್ಟು ಹೊತ್ತು, ಬಿದ್ದರೆ ಎಷ್ಟು ತಡೆಯುತ್ತದೆ, ರಿಪೇರಿ ಎಷ್ಟು ಸುಲಭ ಎಂದು. ಅದರಲ್ಲಿ ಮೆಮೊರಿಯ ಜಾತಿ ಇಲ್ಲ, ಇರಬೇಕಿತ್ತು. ಆದರೆ ಫೋನಿನ ಗುಣವನ್ನು ಒಂದು ಚೀಟಿಯಲ್ಲಿ ಹೇಳಲು ಸಾಧ್ಯ ಎಂಬುದಂತೂ ಅದರಿಂದ ಗೊತ್ತಾಯಿತು.

‘ಹಳ್ಳಿಯವರಿಗೆ ಇದೆಲ್ಲ ಅರ್ಥವಾಗಲ್ಲ, ಅವರು ರೇಟು ಕೇಳ್ತಾರೆ, ಕ್ಯಾಮೆರಾ ಕೇಳ್ತಾರೆ’ ಎಂದು ನಮ್ಮ ತಾಲ್ಲೂಕಿನ ಅಂಗಡಿಯೊಬ್ಬರು ಹೇಳಿದರು. ಮರ್ಯಾದೆಯಿಂದಲೇ ಹೇಳಿದರು. ಆದರೆ ನಮಗೆ ಒಪ್ಪಿಗೆಯಾಗಲಿಲ್ಲ. ಮೆಕ್ಕೆಜೋಳದಲ್ಲಿ ಯಾವ ಹೈಬ್ರಿಡ್ಡು, ಎಷ್ಟು ದಿನದ ಬೆಳೆ, ಮೋಟರು ಎಷ್ಟು ಎಚ್‌ಪಿ, ಎಷ್ಟು ಸ್ಟೇಜು ಎಂದು ಕೇಳುವವರಿಗೆ ಇಎಂಎಂಸಿ, ಯುಎಫ್‌ಎಸ್ ಎಂಬ ಎರಡು ಹೆಸರು ಭಾರವಾಗುವುದಿಲ್ಲ. ಬರೆದಿದ್ದರೆ ಕೇಳುತ್ತಿದ್ದರು. ಬರೆಯದೆ ಇಟ್ಟು, ಕೇಳುವುದಿಲ್ಲ ಎಂದು ದೂರುವುದು ಯಾವ ನ್ಯಾಯ? ಪಾಪ, ಅವರಿಗೂ ತಾನು ಮಾರುವ ಫೋನಿನ ಸ್ಟೋರೇಜ್ ಯಾವ ಜಾತಿ ಎಂದು ಗೊತ್ತಿರಲಿಲ್ಲ. ಕಂಪನಿ ಕೊಟ್ಟ ಚೀಟಿಯಲ್ಲೇ ಇರಲಿಲ್ಲ.

ಕಾನೂನು ನಮ್ಮ ಪರ ಒಂದು ಮಾತು ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸರಕಿನ ಗುಣಮಟ್ಟ, ಪ್ರಮಾಣ, ಶಕ್ತಿ, ಶುದ್ಧತೆ, ಬೆಲೆ ಇವುಗಳ ಬಗ್ಗೆ ತಿಳಿಯುವುದು ಗ್ರಾಹಕರ ಹಕ್ಕು ಎನ್ನುತ್ತದೆ. ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆಯೂ ಅದರಲ್ಲಿದೆ. ‘8 ಜಿಬಿ’ ಎಂದು ಬಿಲ್ಲಿನಲ್ಲೇ ಬರೆದುಕೊಟ್ಟು ಒಳಗೆ ನಾಲ್ಕಿದ್ದರೆ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಅದಕ್ಕೇ ಬಿಲ್ಲು ಬೇಕು ಎಂದು ನಾವು ಪದೇ ಪದೇ ಬರೆಯುವುದು. ‘ಬಿಲ್ಲು ಬೇಡ ಎಂದರೆ ಇನ್ನೂರು ಕಡಿಮೆ’ ಎಂಬ ಮಾತಿಗೆ ಮರುಳಾಗಬೇಡಿ.

ಈ ಮಾತು ಈಗ ಇನ್ನೂ ತುರ್ತಾಗಿದೆ. ಜಗತ್ತಿನ ಬಹುಪಾಲು ರ‍್ಯಾಮ್ ತಯಾರಿಸುವುದು ಮೂರೇ ಕಂಪನಿ. ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಡೇಟಾ ಸೆಂಟರುಗಳಿಗೆ ಬೇಕಾದ ವಿಶೇಷ ಮೆಮೊರಿಗೆ ಹೆಚ್ಚು ದುಡ್ಡು ಸಿಗುವುದರಿಂದ ಅವು ಆ ಕಡೆ ವಾಲಿದವು. 2025ರ ಕೊನೆಯ ಹೊತ್ತಿಗೆ ಸಾಮಾನ್ಯ ರ‍್ಯಾಮ್ ಬೆಲೆ ಜೋರಾಗಿ ಏರಿತು. ಮೈಕ್ರಾನ್ ತನ್ನ ಕ್ರೂಷಿಯಲ್ ಎಂಬ ಗ್ರಾಹಕ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಬೆಲೆ ಏರಿದಾಗ ಕಂಪನಿಯ ಮುಂದೆ ಎರಡು ದಾರಿ: ಫೋನಿನ ರೇಟು ಏರಿಸುವುದು, ಇಲ್ಲವೇ ಒಳಗಿನ ನಿಜವಾದ ಮೆಮೊರಿ ಇಳಿಸಿ ಕೂಡುವ ಚಿಹ್ನೆಯ ಬಲಗಡೆ ದೊಡ್ಡದು ಮಾಡುವುದು. ಎರಡನೆಯದು ಸುಲಭ. ‘3 + 5’ ಕೂಡ ಎಂಟೇ ಅಲ್ಲವೇ?

ಕೊಳ್ಳಲು ಹೋಗುವ ಮೊದಲು ಫೋನಿನ ಮಾಡೆಲ್ ಹೆಸರು ಬರೆದುಕೊಂಡು ಜಿಎಸ್‌ಎಂ ಅರೇನಾ ಎಂಬ ತಾಣದಲ್ಲಿ ಹುಡುಕಿ. ಮೆಮೊರಿ ಎಂಬ ಸಾಲಿನಲ್ಲಿ ಹೆಚ್ಚಿನ ಫೋನುಗಳಿಗೆ ಇಎಂಎಂಸಿಯೋ ಯುಎಫ್‌ಎಸ್ಸೋ ಎಂದು ಬರೆದಿರುತ್ತದೆ. ನಮ್ಮ ಸಲಹೆ ಸ್ಪಷ್ಟ. 128 ಜಿಬಿ ಇಎಂಎಂಸಿಗಿಂತ 64 ಜಿಬಿ ಯುಎಫ್‌ಎಸ್ ಸಿಕ್ಕರೂ ಅದೇ ಮೇಲು, ಫೋಟೊಗಳನ್ನು ಆಮೇಲೆ ಕಾರ್ಡಿಗೆ ಸಾಗಿಸಬಹುದು. ಕ್ಯಾಮೆರಾದ ಮೆಗಾಪಿಕ್ಸೆಲ್‌ಗೆ ಕೊಡುವ ಹೆಚ್ಚುವರಿ ಸಾವಿರವನ್ನು ನಿಜವಾದ ರ‍್ಯಾಮ್‌ಗೆ ಕೊಡಿ. ಅಂಗಡಿಯಲ್ಲೇ ಸೆಟ್ಟಿಂಗ್ಸ್ ತೆರೆದು ಅಬೌಟ್ ಫೋನ್ ನೋಡಿ, ಕೂಡುವ ಚಿಹ್ನೆ ಇದ್ದರೆ ಎಡಗಡೆಯದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಈಗಾಗಲೇ ಕೊಂಡವರು ಸ್ಟೋರೇಜ್ ಪೂರ್ತಿ ತುಂಬಲು ಬಿಡಬೇಡಿ. ಹತ್ತರಲ್ಲಿ ಒಂದು ಪಾಲಾದರೂ ಖಾಲಿ ಇರಲಿ. ಫ್ಲ್ಯಾಶ್‌ನಲ್ಲಿ ಬರೆದದ್ದರ ಮೇಲೆ ನೇರ ಬರೆಯಲು ಬರುವುದಿಲ್ಲ. ಸಸಿ ಪಾತಿ ಇದ್ದಹಾಗೆ ಅದು. ಒಂದು ಪಾತಿಯಲ್ಲಿ ಹೊಸದಾಗಿ ಬಿತ್ತಬೇಕಾದರೆ ಒಳ್ಳೆಯ ಸಸಿಗಳನ್ನು ಬೇರೆ ಪಾತಿಗೆ ಕಿತ್ತು ನೆಟ್ಟು, ಇಡೀ ಪಾತಿ ಅಗೆದು, ಆಮೇಲೆ ಬಿತ್ತಬೇಕು. ಖಾಲಿ ಪಾತಿಗಳಿದ್ದರೆ ಕೆಲಸ ಬೇಗ. ಎಲ್ಲ ಪಾತಿ ತುಂಬಿದ್ದರೆ ಒಂದು ಸಸಿಗಾಗಿ ತೋಟವೆಲ್ಲ ಅಗೆದಂತಾಗುತ್ತದೆ. ಫೋನು ತುಂಬಿದಷ್ಟೂ ನಿಧಾನವಾಗುವುದು ಹೀಗೆ.

ತುಂಬಿಸುವುದು ಏನು ಎಂದು ನೋಡಿದರೆ, ನಮ್ಮ ಮಾತುಗಳಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ‘ಕ’ಕ್ಕೆ ಮೂರು ಬೈಟ್ ಬೇಕು, ‘ಕ್ಷಿ’ಗೆ ಹನ್ನೆರಡು. ಹಾಗಿದ್ದೂ ನೀವು ಓದುತ್ತಿರುವ ಈ ಇಡೀ ಬರಹ ನೂರು ಕೆಬಿ ದಾಟುವುದಿಲ್ಲ. ಹೂವಿನ ಚಿತ್ರದ ಮೇಲೆ ಬರುವ ಒಂದು ಶುಭೋದಯ ಅದಕ್ಕಿಂತ ಹೆಚ್ಚು ಜಾಗ ತಿನ್ನಬಲ್ಲದು, ಒಂದು ನಿಮಿಷದ ವಿಡಿಯೊ ಹತ್ತಾರು ಪಟ್ಟು. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ, ಅದರೊಳಗೆ ಮ್ಯಾನೇಜ್ ಸ್ಟೋರೇಜ್ ಒತ್ತಿದರೆ ಯಾವ ಗುಂಪು ಎಷ್ಟು ತಿಂದಿದೆ ಎಂದು ಪಟ್ಟಿ ಬರುತ್ತದೆ. ವಾರಕ್ಕೊಮ್ಮೆ ನೋಡಿ. ಇಎಂಎಂಸಿ ಫೋನಿನಲ್ಲಿ ವರ್ಚುವಲ್ ರ‍್ಯಾಮನ್ನು ಒಂದು ವಾರ ಆಫ್ ಮಾಡಿ ನೋಡಿ. ಫೋನು ಹಗುರಾದಂತೆ ಅನ್ನಿಸಿದರೆ ಹಾಗೇ ಬಿಡಿ.

ಕಂಪ್ಯೂಟರಿನ ಬಗ್ಗೆ ಒಂದು ಮಾತು, ಗ್ರಾಮ ಪಂಚಾಯಿತಿ ಸದಸ್ಯರೂ ಎಸ್‌ಡಿಎಂಸಿಯವರೂ ಇದನ್ನು ಓದುತ್ತಿದ್ದರೆ ಅವರಿಗಾಗಿ. ಅರಿವು ಕೇಂದ್ರದಲ್ಲೋ ಶಾಲೆಯಲ್ಲೋ ‘ಸ್ಲೋ’ ಎಂದು ಮೂಲೆಗೆ ತಳ್ಳಿದ ಕಂಪ್ಯೂಟರ್ ಇದ್ದರೆ ಗುಜರಿಗೆ ಹಾಕುವ ಮೊದಲು ಒಳಗೆ ಹಾರ್ಡ್ ಡಿಸ್ಕ್ ಇದೆಯೇ ನೋಡಿಸಿ. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ, ರಾಗಿ ಬೆಳೆಯುವಷ್ಟು ಕಾಯಬೇಕಿದ್ದದ್ದು ಪೇಟೆಗೆ ಹೋಗಿ ಬರುವಷ್ಟಕ್ಕೆ ಇಳಿಯುತ್ತದೆ. ಹೊಸ ಕಂಪ್ಯೂಟರಿನ ಖರ್ಚಿನಲ್ಲಿ ಸಣ್ಣ ಪಾಲು. ಹೊಸದು ಕೊಳ್ಳುವ ಟೆಂಡರಿನಲ್ಲಿ ‘500 ಜಿಬಿ’ ಎಂದಷ್ಟೇ ಬರೆಯದೆ ‘ಎಸ್‌ಎಸ್‌ಡಿ’ ಎಂದು ಸೇರಿಸಿ. ಇಲ್ಲದಿದ್ದರೆ ಬರುವುದು ಯಾವುದು ಎಂದು ಹೇಳಬೇಕಿಲ್ಲ.

ಕೊನೆಗೆ ಮೆಮೊರಿ ಕಾರ್ಡು. ಇಲ್ಲಿ ಒಂದು ಅಚ್ಚರಿ ಇದೆ. ನಾವು ಕೇಳುವುದೆಲ್ಲ ಈ ಪುಟ್ಟ ಕಾರ್ಡಿನ ಮೇಲೆ ಈಗಾಗಲೇ ಬರೆದಿದೆ. ವೃತ್ತದೊಳಗೆ 10 ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯುತ್ತದೆ ಎಂದರ್ಥ. ಬಟ್ಟಲಿನಂಥ ‘ಯು’ ಅಕ್ಷರದೊಳಗೆ 3 ಇದ್ದರೆ ಕನಿಷ್ಠ 30 ಎಂಬಿ, ‘ವಿ30’ ಎಂದಿದ್ದರೂ ಅಷ್ಟೇ. ‘ಎ1’, ‘ಎ2’ ಎಂದಿದ್ದರೆ ಚೂರುಪಾರು ಕೆಲಸಕ್ಕೆ, ಅಂದರೆ ಆ್ಯಪ್ ಇಡುವುದಕ್ಕೆ ಎಷ್ಟು ಚುರುಕು ಎಂಬ ಅಳತೆ, ಎ2 ಮೇಲು. ಬೆರಳುಗುರಿನಷ್ಟು ಕಾರ್ಡಿನ ಮೇಲೆ ಇಷ್ಟು ಬರೆಯಲು ಜಾಗ ಇದೆ, ಅಂಗೈ ಅಗಲದ ಫೋನ್ ಪೆಟ್ಟಿಗೆಯ ಮೇಲೆ ಇಲ್ಲ!

ಆದರೆ ಕಾರ್ಡಿನಲ್ಲಿ ಬೇರೆ ಮೋಸ. ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಆನ್‌ಲೈನಿನಲ್ಲೂ ನಂಬಲಾಗದ ಬೆಲೆಗೆ 512 ಜಿಬಿ, ಒಂದು ಟಿಬಿ ಎಂದು ಮಾರುವ ಕಾರ್ಡು, ಪೆನ್‌ಡ್ರೈವ್‌ಗಳಲ್ಲಿ ಬಹಳಷ್ಟರ ಒಳಗೆ ಇರುವುದು 8 ಅಥವಾ 16 ಜಿಬಿ. ಒಳಗಿನ ಚಿಪ್‌ಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಫೋನಿಗೆ ಹಾಕಿದರೆ 512 ಎಂದೇ ತೋರಿಸುತ್ತದೆ. ಮೊದಲ ಕೆಲವು ತಿಂಗಳು ಏನೂ ಗೊತ್ತಾಗುವುದಿಲ್ಲ. ನಿಜವಾದ ಜಾಗ ಮುಗಿದ ಮೇಲೆ ತೆಗೆದ ಫೋಟೊಗಳು ಹೆಸರು ಮಾತ್ರ ಕಾಣಿಸುತ್ತವೆ, ತೆರೆಯುವುದಿಲ್ಲ, ಅಥವಾ ಹಳೆಯವನ್ನು ಅಳಿಸಿ ಅವುಗಳ ಮೇಲೆ ಕೂರುತ್ತವೆ. ಮದುವೆಯ ಫೋಟೊ, ತೀರಿಹೋದವರ ವಿಡಿಯೊ ಹೀಗೆ ಹೋದರೆ ಯಾವ ರಿಪೇರಿ ಅಂಗಡಿಯವರೂ ತಂದುಕೊಡಲಾರರು, ಅವು ಎಲ್ಲೂ ಬರೆದೇ ಇರುವುದಿಲ್ಲ.

ಕಾರ್ಡು ಕೊಂಡ ದಿನವೇ, ಅದಕ್ಕೆ ಏನನ್ನೂ ತುಂಬುವ ಮೊದಲು, ವಿಂಡೋಸ್ ಕಂಪ್ಯೂಟರ್ ಇರುವವರ ಹತ್ತಿರ ಒಯ್ದು ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಪರೀಕ್ಷಿಸಿ. ಲಿನಕ್ಸ್ ಇದ್ದರೆ ಎಫ್3. ಇವು ಕಾರ್ಡಿನ ತುಂಬ ಬರೆದು, ಬರೆದದ್ದನ್ನು ಮತ್ತೆ ಓದಿ ನೋಡುತ್ತವೆ. ದೊಡ್ಡ ಕಾರ್ಡಿಗೆ ಮೂರ್ನಾಲ್ಕು ಗಂಟೆಯೂ ಹಿಡಿಯಬಹುದು, ರಾತ್ರಿ ಹಚ್ಚಿಟ್ಟು ಮಲಗಿ. ಬರೆದದ್ದು ಇಷ್ಟು, ಓದಲು ಸಿಕ್ಕಿದ್ದು ಇಷ್ಟು ಎಂದು ಬೆಳಿಗ್ಗೆ ಪರದೆಯ ಮೇಲೆ ಇರುತ್ತದೆ. ಎರಡೂ ಅಂಕಿ ಒಂದೇ ಆಗಿರದಿದ್ದರೆ ಆ ಪರದೆಯ ಫೋಟೊ ತೆಗೆದುಕೊಂಡು, ಬಿಲ್ಲಿನ ಜೊತೆ ಕಾರ್ಡನ್ನು ವಾಪಸ್ ಒಯ್ಯಿರಿ.